ಮಾರಯ್ಯ ಕೇಳದೆ ಬಿಟ್ಟ ಪ್ರಶ್ನೆ

ಚಿಕ್ಕಮಾರಯ್ಯನಿಗೆ ಎಡಗಿವಿ ಕೇಳಿಸುವುದಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಒಂದು ಮದುವೆಯ ಊಟಕ್ಕೆ ಹೋಗಿ ಅದನ್ನು ಕಳೆದುಕೊಂಡು ಬಂದ. ಬಾಗಲೂರಿನಿಂದ ಆಚೆಗೆ ಒಂದು ಊರು, ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನ ತಂಗಿಯ ಮದುವೆ. ಚಪ್ಪರದ ಕೆಳಗೆ ಎಲೆ ಹಾಕಿ ಅನ್ನ, ಹುಳಿ ಬಡಿಸಿಯಾಗಿತ್ತು. ಪಕ್ಕದ ಎಲೆಯ ಅಜ್ಜ ಪ್ರೀತಿಯಿಂದಲೇ, "ಯಾವೂರು ಮಗಾ? ಯಾವ ಜನ?" ಎಂದು ಕೇಳಿದ. ಆಗಿನ್ನೂ ಸುಳ್ಳು ಕಲಿಯದ ಕಾಲ. ಊರಾಚೆಯ ಎ.ಕೆ. ಕಾಲೊನಿಯವನು ಎಂದು ಹೇಳಿಬಿಟ್ಟ. ಅಜ್ಜ ಎಲೆ ಬಿಟ್ಟು ಎದ್ದ, ಅವನ ಹಿಂದೆ ಸಾಲಿಗೆ ಸಾಲೇ ಎದ್ದಿತು. ಯಾರೋ ಕೂದಲು ಹಿಡಿದು ಎಳೆದರು. ಯಾರೋ ಒಲೆಯಿಂದ ಅರ್ಧ ಉರಿದ ಸೌದೆ ಕಿತ್ತು ತಂದು ಕಿವಿಯ ಮೇಲೆ ಬಾರಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಮಾತಿಗೆ ಹೇಳುತ್ತಾರೆ. ಮಾರಯ್ಯ ಆ ತುತ್ತನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಟಾರು ರಸ್ತೆಯವರೆಗೆ ಓಡಿದ್ದ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ತೊಯ್ದು ಹೋಗಿತ್ತು.

ಅಂದಿನಿಂದ ಅವನದೊಂದು ಹಟ. ತನ್ನ ಜಾತಿ ಹೇಳುವುದಿಲ್ಲ, ಇನ್ನೊಬ್ಬರದು ಕೇಳುವುದಿಲ್ಲ. ಹಾಗಂತ ಅವನೇನು ಸಂತನಲ್ಲ. ಮಗಳ ಮದುವೆಗೆ ಗಂಡು ನೋಡುವಾಗ ಕೇಳಬೇಕಾದ್ದನ್ನೆಲ್ಲ ಹೆಂಡತಿ ಚಂದ್ರವ್ವ ಕೇಳಿದಳು. ಇವನು ಪಕ್ಕದಲ್ಲಿ ಕೂತು ಕಾಫಿ ಕುಡಿದ. ಹಟ ಮುರಿಯಲಿಲ್ಲ, ಮದುವೆಯೂ ಆಯಿತು. ನಮ್ಮ ಹಟಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಯಲಹಂಕ ಹಳೇ ಊರಿನಲ್ಲಿ ಇಪ್ಪತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮ್ ಇದೆ. ಸರ್ಜನ್ ವಸಿಷ್ಠ ಅದರ ಮಾಲೀಕರು. ನೆಲ ಒರೆಸುವ ಕೆಲಸಕ್ಕೆ ಅಲ್ಲಿ ಸೇರಿದ ಮಾರಯ್ಯ ನೋಡಿ ನೋಡಿ ಕಲಿತು, ಆಮೇಲೆ ಪರೀಕ್ಷೆಯನ್ನೂ ಕಟ್ಟಿ, ಆಪರೇಷನ್ ಥಿಯೇಟರಿನ ಟೆಕ್ನಿಷಿಯನ್ ಆದ. ಸಿಲಿಂಡರು ತಿರುವುವುದು, ಗಂಟಲಿಗೆ ಇಳಿಸುವ ಟ್ಯೂಬು ಸಿದ್ಧ ಮಾಡುವುದು, ಮಷೀನು ಕೈಕೊಟ್ಟರೆ ರಬ್ಬರು ಚೀಲ ಒತ್ತಿ ರೋಗಿಗೆ ಉಸಿರು ಕೊಡುವುದು, ಇದು ಅವನ ಕೆಲಸ. ಆ ಚೀಲಕ್ಕೆ ಆಂಬು ಎನ್ನುತ್ತಾರೆ. ಒತ್ತಿದರೆ ರೋಗಿಯ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಮೂವತ್ತು ವರ್ಷದಲ್ಲಿ ಎಷ್ಟು ಎದೆಗಳನ್ನು ಎಬ್ಬಿಸಿದ್ದನೋ ಅವನಿಗೇ ಗೊತ್ತಿಲ್ಲ.

ಮತ್ತಿನ ಡಾಕ್ಟರು ಹರಿಪ್ರಿಯಾ ಆರ್.ಟಿ. ನಗರದಿಂದ ಬರುತ್ತಿದ್ದರು. ಯಲಹಂಕ, ಹೆಬ್ಬಾಳ, ಯಶವಂತಪುರದ ಆರು ನರ್ಸಿಂಗ್ ಹೋಮುಗಳಿಗೆ ಅವರೊಬ್ಬರೇ ಮತ್ತು ಕೊಡುವವರು. ಕಾರಿನ ಡಿಕ್ಕಿಯಲ್ಲೇ ಅವರ ಸಂಸಾರ. ರೋಗಿ ಮಲಗಿದ ಮೇಲೆ ಮಾರಯ್ಯನಿಗೆ ಪಾಠ ಹೇಳುವುದು ಅವರಿಗೊಂದು ಚಟ. ಅವರ ಗೆಳತಿಯೊಬ್ಬರು ಜನರ ವಂಶವಾಹಿಗಳನ್ನು ಅಧ್ಯಯನ ಮಾಡುವ ಕಡೆ ಇದ್ದರು. ಒಮ್ಮೆ ತಾವೂ ಒಂದು ಟ್ಯೂಬಿಗೆ ಎಂಜಲು ಉಗುಳಿ, ಮಾರಯ್ಯನ ಕೈಲೂ ಉಗುಳಿಸಿ ಕಳಿಸಿದ್ದರು.

"ಎಲ್ರೂ ಆಫ್ರಿಕಾದಿಂದ ನಡ್ಕೊಂಡು ಬಂದೋರೇ ಮಾರಣ್ಣ," ಎಂದು ಫಲಿತಾಂಶ ಬಂದ ದಿನ ಹೇಳಿದರು. "ಮೊದ್ಲು ಬಂದ ಗುಂಪಿಗೆ ಐವತ್ತು ಅರವತ್ತು ಸಾವಿರ ವರ್ಷ ಆಯ್ತು. ಆಮೇಲೆ ಇರಾನ್ ಕಡೆ ಜನ. ಆಮೇಲೆ ಉತ್ತರದ ಹುಲ್ಲುಗಾವಲಿಂದ ದನ ಹೊಡ್ಕೊಂಡು ಬಂದೋರು. ಬಂದೋರು ಇದ್ದೋರು ಎಲ್ಲಾ ಬೆರೆತುಹೋದ್ರು. ಈ ಬಣ್ಣ, ಮೂಗು ಇದೆಲ್ಲ ಗೋಡೆ ಮೇಲಿನ ಸುಣ್ಣ ಅಷ್ಟೆ. ಒಳಗಿನ ಇಟ್ಟಿಗೆ ಎಲ್ಲರದ್ದೂ ಒಂದೇ ಗೂಡಿಂದು."

"ಮತ್ತೆ ಈ ಜಾತಿ ಎಲ್ಲಿಂದ ಬಂತು ಮೇಡಂ?"

"ಹೆಚ್ಚುಕಡಿಮೆ ಎರಡು ಸಾವಿರ ವರ್ಷದ ಹಿಂದೆ ಒಬ್ಬೊಬ್ಬರೇ ಬಾಗಿಲು ಹಾಕ್ಕೊಂಡ್ರು. ಅಲ್ಲಿಂದ ಈಚೆಗೆ ಒಳಗೊಳಗೇ ಹೆಣ್ಣು ಕೊಟ್ಟು ತಂದು ಮಾಡ್ತಿದಾರೆ. ಅದೂ ರಕ್ತದಲ್ಲಿ ಬರ್ಕೊಂಡಿದೆ."

ತಾಯಿ, ಅವಳ ತಾಯಿ, ಅವಳ ತಾಯಿ ಎಂದು ಹಿಂದಕ್ಕೆ ಹೋದರೆ ಮಾರಯ್ಯನ ಗೆರೆ ಈ ನೆಲಕ್ಕೆ ಮೊದಲು ಕಾಲಿಟ್ಟ ಹೆಂಗಸರವರೆಗೂ ಹೋಗುತ್ತದಂತೆ. ಒಂದು ವಾರ ಅವನು ಎದೆ ಸೆಟೆಸಿಕೊಂಡು ಓಡಾಡಿದ. "ನಾವೇ ಮೊದ್ಲು ಬಂದೋರು ಮೇಡಂ" ಎಂದಾಗ ಹರಿಪ್ರಿಯಾ, "ಬಾಡಿಗೆ ವಸೂಲಿಗೆ ಹೊರಡ್ಬೇಡಿ. ನಂದೂ ಅದೇ ಕೊಂಬೆ" ಎಂದರು. ಆ ಸಂಜೆ ಮನೆಗೆ ಹೋಗಿ, ಡಾಕ್ಟ್ರಮ್ಮ ನನಗೆ ಅಕ್ಕ ಆಗಬೇಕಂತೆ ಎಂದು ಚಂದ್ರವ್ವನ ಹತ್ತಿರ ಹೇಳಿಕೊಂಡ. ಹಾಗಾದರೆ ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ಬಾ ಎಂದಳು ಅವಳು.

ಇಷ್ಟೆಲ್ಲ ಪಾಠ ಹೇಳುವ ಹರಿಪ್ರಿಯಾ ಪ್ರತಿ ರೋಗಿಯ ಜಾತಿ ಕೇಳುತ್ತಿದ್ದರು. ಮಾರಯ್ಯನಿಗೆ ಮೊದಮೊದಲು ಇದು ಬೆಂಕಿ ತಿಂದ ಹಾಗಾಗಿತ್ತು. ಅವರು ಬಿಡಿಸಿ ಹೇಳಿದರು. ಸ್ಕೋಲಿನ್ ಅಂತ ಒಂದು ಇಂಜೆಕ್ಷನ್ ಇದೆ. ಅವಸರದ ಕೇಸಿನಲ್ಲಿ, ಹೊಟ್ಟೆ ತುಂಬಿದ ರೋಗಿಗೆ, ಟ್ಯೂಬು ಇಳಿಸುವ ಮೊದಲು ಕೊಡುತ್ತಾರೆ. ಮೈಯೆಲ್ಲ ಸಡಿಲ ಬಿದ್ದು ಉಸಿರು ನಿಲ್ಲುತ್ತದೆ, ಐದು ಹತ್ತು ನಿಮಿಷದಲ್ಲಿ ಮೈಯೇ ಅದನ್ನು ಕರಗಿಸಿಕೊಂಡು ಮತ್ತೆ ಉಸಿರಾಡುತ್ತದೆ. ಆದರೆ ವೈಶ್ಯ ಶೆಟ್ಟರಲ್ಲಿ ಕೆಲವರ ಮೈಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಯಾವ ಕಾಲದಲ್ಲೋ ಒಬ್ಬ ಹಿರಿಯನಲ್ಲಿ ಬಂದ ಸಣ್ಣ ದೋಷ, ಬಾಗಿಲು ಹಾಕಿಕೊಂಡು ಒಳಗೊಳಗೇ ಮದುವೆಯಾದದ್ದರಿಂದ ಮನೆಮನೆಗೆ ಹರಡಿತು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಗಂಟೆಗಟ್ಟಲೆ ಉಸಿರಿಲ್ಲ. "ಅದಕ್ಕೇ ಕೇಳೋದು ಮಾರಣ್ಣ. ತಟ್ಟೆ ಬೇರೆ ಇಡಕ್ಕಲ್ಲ, ಔಷಧಿ ಬೇರೆ ಕೊಡಕ್ಕೆ."

ಬುದ್ಧಿಗೆ ಅರ್ಥವಾಯಿತು, ನಾಲಿಗೆಗೆ ಆಗಲಿಲ್ಲ. ಮೊದಲೇ ಗೊತ್ತುಮಾಡಿದ ಆಪರೇಷನ್ನಿದ್ದರೆ ಡಾಕ್ಟರೇ ಕೇಳುತ್ತಿದ್ದರು. ಅವಸರದ ಕೇಸು ಬಂದರೆ ಅವರು ದಾರಿಯಲ್ಲಿರುವಾಗಲೇ ಮಾರಯ್ಯ ಎಲ್ಲವನ್ನೂ ಕೇಳಿ ಬರೆದಿಡಬೇಕು. ಅವನು ಊಟ ಕೇಳುತ್ತಿದ್ದ, ಸಕ್ಕರೆ ಕಾಯಿಲೆ ಕೇಳುತ್ತಿದ್ದ, ಹಿಂದಿನ ಆಪರೇಷನ್ ಕೇಳುತ್ತಿದ್ದ. ಸಮುದಾಯ ಎಂಬ ಸಾಲು ಬಂದಾಗ ಒಂದು ಗೆರೆ ಎಳೆಯುತ್ತಿದ್ದ. "ಎಲ್ಲಾ ಕೇಳಿದ್ರಾ?" ಎಂದರೆ "ಕೇಳ್ದೆ ಮೇಡಂ" ಎನ್ನುತ್ತಿದ್ದ. ಹಲವು ಸಲ ಹೀಗೆ ಹೇಳಿ ದಕ್ಕಿಸಿಕೊಂಡಿದ್ದ. ದಕ್ಕಿದ ಸುಳ್ಳು ರೂಢಿಯಾಗುತ್ತದೆ, ಅದೇ ಅದರ ಕೇಡು.

ಕಳೆದ ವರ್ಷ ಮಾರ್ಚಿನ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೋಗಿಲು ಕ್ರಾಸಿನಲ್ಲಿ ಒಬ್ಬನ ಬೈಕು ಒಂದು ಕಾರಿನ ಕನ್ನಡಿಗೆ ತಾಗಿತು. ಕನ್ನಡಿ ಒಡೆಯಲೂ ಇಲ್ಲ, ಮಡಚಿಕೊಂಡಿತು ಅಷ್ಟೆ. ಕಾರಿನವನು ಇಳಿದ, ಡಿಕ್ಕಿ ತೆಗೆದ, ವೀಲ್ ಸ್ಪ್ಯಾನರ್ ಹಿಡಿದು ಬಂದ. ಮೊದಲ ಏಟು ಹೆಲ್ಮೆಟ್ ತೆಗೆಯುತ್ತಿದ್ದವನ ನೆತ್ತಿಗೆ. ಅವನು ಬಿದ್ದ ಮೇಲೆ ಎಡ ಪಕ್ಕೆಗೆ ನಾಲ್ಕೈದು. ಕಾರಿನಲ್ಲಿದ್ದ ಇನ್ನೊಬ್ಬ ಇಳಿದು ಬೂಟುಗಾಲಿನಲ್ಲಿ ಹೊಟ್ಟೆ ತುಳಿದ. ಸುತ್ತ ನಿಂತವರು ಮೊಬೈಲು ಎತ್ತಿ ಹಿಡಿದಿದ್ದರು. ಒಬ್ಬನ ಕೈಯೂ ಸ್ಪ್ಯಾನರಿನ ಕಡೆಗೆ ಹೋಗಲಿಲ್ಲ. ಕೊನೆಗೆ ಒಬ್ಬ ಆಟೋದವನು ಅವನನ್ನು ಎತ್ತಿ ಹಾಕಿಕೊಂಡು ನರ್ಸಿಂಗ್ ಹೋಮಿಗೆ ತಂದ.

ಹುಡುಗನ ಹೆಸರು ಚಿರಂತನ್, ಇಪ್ಪತ್ತೆಂಟು ವರ್ಷ, ವಿಮೆ ಕಂಪನಿಯ ಕೆಲಸ. ಜ್ಞಾನವಿತ್ತು. ಮುಖ ಬಿಳಿಚಿಕೊಂಡು ಹೊಟ್ಟೆ ಬಿಗಿಯುತ್ತಿತ್ತು. ಎಡ ಪಕ್ಕೆಯೊಳಗಿನ ಗುಲ್ಮ ಒಡೆದು ಒಳಗೆ ರಕ್ತ ಹೋಗುತ್ತಿದೆ, ಈಗಲೇ ತೆರೆಯಬೇಕು ಎಂದರು ವಸಿಷ್ಠ. ಮಾರಯ್ಯ ಅಂಗಿ ಕತ್ತರಿಸುತ್ತ ಕೇಳಬೇಕಾದ್ದನ್ನು ಕೇಳಿದ. ಬೆಳಿಗ್ಗೆ ಸೆಟ್ ದೋಸೆ ತಿಂದಿದ್ದ, ಕಾಯಿಲೆ ಏನಿಲ್ಲ, ಹಿಂದೆ ಆಪರೇಷನ್ ಆಗಿಲ್ಲ. "ಸಾಯ್ತೀನಾ ಅಣ್ಣಾ?" ಎಂದು ಹುಡುಗ ಅವನ ಮಣಿಕಟ್ಟು ಹಿಡಿದ. "ಇಲ್ಲ ಕಣಪ್ಪ" ಎಂದ ಮಾರಯ್ಯ. ಕೊನೆಯ ಸಾಲಿಗೆ ಬಂದ. ಚಿರಂತನ್ ಎಂಬ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಕೇಳಲು ಅರ್ಧ ನಿಮಿಷವೂ ಬೇಡ. ಮಾರಯ್ಯ ಗೆರೆ ಎಳೆದ.

ಅಷ್ಟರಲ್ಲಿ ಹುಡುಗನ ಹೆಂಡತಿ ಮಹತಿ ಬಂದಳು, ಏಳು ತಿಂಗಳ ಬಸುರಿ. ಅವಳ ಹಿಂದೆಯೇ ಬಾಗಲೂರಿನಿಂದ ಅವಳ ಅಣ್ಣ ಮುನಿರತ್ನ, ಎರಡು ಗಾಡಿ ತುಂಬ ನೆಂಟರನ್ನು, ಹುಡುಗರನ್ನು ಕಟ್ಟಿಕೊಂಡು ಬಂದ. ಸೈಟು ಮಾರಿಸುವ ಕೆಲಸ ಅವನದು, ಬಿಳಿ ಅಂಗಿ, ದೊಡ್ಡ ಗಂಟಲು. "ನಮ್ಮೋನು ಕಣಯ್ಯಾ ಇವ್ನು, ಏನಾರ ಎಚ್ಚುಕಮ್ಮಿ ಆದ್ರೆ ಆಸ್ಪತ್ರೆ ನೆಲಸಮ ಮಾಡ್ಬುಡ್ತೀವಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಹರಿಪ್ರಿಯಾ ಓಡುತ್ತ ಬಂದು ಕೈ ತೊಳೆದರು. "ಎಲ್ಲಾ ಕೇಳಿದ್ರಾ ಮಾರಣ್ಣ?"

"ಕೇಳ್ದೆ ಮೇಡಂ."

ಹನ್ನೆರಡೂ ಮುಕ್ಕಾಲಿಗೆ ಸ್ಕೋಲಿನ್ ಕೊಟ್ಟರು. ಹೊಟ್ಟೆ ತೆರೆದಾಗ ರಕ್ತ ಮೇಜಿನ ಅಂಚಿನಿಂದ ಚಪ್ಪಲಿಗಳ ಮೇಲೆ ಸುರಿಯಿತು. ಮುಕ್ಕಾಲು ಗಂಟೆ ಯಾರಿಗೂ ತಲೆ ಎತ್ತಲು ಬಿಡುವಿರಲಿಲ್ಲ. ಒಡೆದ ಗುಲ್ಮ ತೆಗೆದರು, ನಾಲ್ಕು ಬಾಟಲಿ ರಕ್ತ ಏರಿಸಿದರು, ಹೊಲಿದರು. ಎರಡು ಗಂಟೆಗೆ ಹರಿಪ್ರಿಯಾ ಗ್ಯಾಸು ನಿಲ್ಲಿಸಿ ಹುಡುಗ ಉಸಿರಾಡಲಿ ಎಂದು ಕಾದರು. ಅವನು ಉಸಿರಾಡಲಿಲ್ಲ.

ಕಾಲು ಗಂಟೆ ಕಾದರು. ಬೆರಳೊಂದೂ ಅಲುಗಲಿಲ್ಲ. "ಮೈ ಸಡಿಲ ಮಾಡೋ ಬೇರೆ ಔಷಧಿ ಕೊಡೋ ಅಗತ್ಯವೇ ಬೀಳ್ಲಿಲ್ಲ," ಎಂದು ಅವರು ತಮಗೆ ತಾವೇ ಹೇಳಿಕೊಂಡರು. "ಮೈ ಇಷ್ಟು ಹೊತ್ತು ಸಡಿಲವಾಗೇ ಇತ್ತು. ಆಗ್ಲೇ ನಂಗೆ ಹೊಳೀಬೇಕಿತ್ತು." ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ಪಾಪೆ ಸರಿಯಾಗಿ ಕುಗ್ಗಿತು, ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಹುಡುಗನಿಗೆ ಎಚ್ಚರವಿತ್ತು. ಕೈಕಾಲು ಆಡುತ್ತಿರಲಿಲ್ಲ, ಅಷ್ಟೆ.

"ಇವರು ಯಾವ ಜನ ಮಾರಣ್ಣ?"

ಮಾರಯ್ಯ ಕಾಗದ ಎತ್ತಿ ಆ ಸಾಲಿನಲ್ಲಿ ಎಳೆದ ಗೆರೆ ತೋರಿಸಿದ.

"ಕೇಳ್ದೆ ಅಂದ್ರಲ್ಲ?"

"ನಾನು ಕೇಳ್ಲಿಲ್ಲ ಮೇಡಂ. ಸುಳ್ಳು ಹೇಳ್ದೆ."

ಹರಿಪ್ರಿಯಾ ಅವನ ಮುಖ ನೋಡಿದರು. ಆ ನೋಟಕ್ಕಿಂತ ಸೌದೆಯ ಏಟೇ ವಾಸಿ ಎನಿಸಿತು ಅವನಿಗೆ. ಮೊದಲು ರೋಗಿಗೆ ನಿದ್ದೆಯ ಔಷಧಿ ಕೊಟ್ಟರು. ಆಮೇಲೆ ಹೇಳಿದರು: "ತಲೆಗೂ ಏಟು ಬಿದ್ದಿದೆ. ಅದರಿಂದ ಹಿಂಗಾಗಿದ್ರೆ ಈಗ್ಲೇ ಸ್ಕ್ಯಾನಿಗೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು. ಸ್ಕೋಲಿನ್ ಆದ್ರೆ ಅಲುಗಾಡಿಸ್ದೆ ಇಲ್ಲೇ ಉಸಿರು ಕೊಡ್ತಾ ಕೂರ್ಬೇಕು. ನಂಗೆ ಗೊತ್ತಾಗ್ಬೇಕು. ಹೋಗಿ ಕೇಳ್ಕೊಂಡು ಬನ್ನಿ. ನೀವೇ ಹೋಗಿ."

ಹೊರಗೆ ಹದಿನೈದು ಜನ ನಿಂತಿದ್ದರು. ಮಹತಿ ಬೆಂಚಿನ ಮೇಲೆ ಕೂತಿದ್ದಳು. ಮೂವತ್ತಮೂರು ವರ್ಷ ಬಾಯಿಗೆ ಬಾರದ ಮಾತು ಮಾರಯ್ಯನ ಬಾಯಿಂದ ತಡವರಿಸಿ ಬಂತು. "ಪೇಶೆಂಟು ಯಾವ ಜನ ಅಮ್ಮ? ಜಾತಿ ಯಾವ್ದು?"

ಮಹತಿ ಅಣ್ಣನ ಕಡೆ ನೋಡಿದಳು. ಮುನಿರತ್ನ ಅಡ್ಡ ಬಂದ. ಅವನ ಗುಟ್ಟು ಏನೆಂದರೆ, ತಂಗಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ ಬಂದಾಗ, ಹುಡುಗ ಮಂಡ್ಯ ಕಡೆಯ ನಮ್ಮ ಜನವೇ, ಹಿಂದುಮುಂದು ಯಾರೂ ಇಲ್ಲ ಎಂದು ನೆಂಟರಿಷ್ಟರಿಗೆಲ್ಲ ಹೇಳಿ ಮಾನ ಉಳಿಸಿಕೊಂಡಿದ್ದ. ಹುಡುಗನ ಮನೆಯವರೂ ಅವನನ್ನು ಕೈಬಿಟ್ಟಿದ್ದರಿಂದ ಸುಳ್ಳು ಎರಡು ವರ್ಷ ಸಲೀಸಾಗಿ ಓಡಿತ್ತು. ಈಗ ಆ ನೆಂಟರೆಲ್ಲ ಇಲ್ಲೇ ಸಾಲಾಗಿ ನಿಂತಿದ್ದರು.

"ಏನಲೇ ಕೇಳ್ದೆ? ಜಾತಿ ನೋಡ್ಕಂಡು ಔಸ್ದಿ ಕೊಡ್ತೀರೇನಲೇ ನೀವು?" ಎಂದು ಅವನು ಗರ್ಜಿಸಿದ. "ನೋಡ್ರಪ್ಪಾ, ಇಂಥಾ ಕಾಲ್ದಾಗೂ ಜಾತಿ ಕೇಳ್ತಾವ್ನೆ."

ಅಂಥ ಒಳ್ಳೆಯ ಮಾತು ಅಂಥ ಹೊಲಸು ಬಾಯಲ್ಲಿ ಬಂದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಜನರಿಗೆ ಅದು ಸರಿಯೆನಿಸಿತು. ಮೊದಲ ಒದೆ ಮೊಣಕಾಲಿಗೆ ಬಿತ್ತು. ಮಾರಯ್ಯ ಬಿದ್ದ. "ಔಷಧಿಗೆ ಬೇಕು ಸಾರ್, ಜೀವದ ವಿಷಯ" ಎನ್ನುತ್ತಿದ್ದವನ ಬಾಯಿಗೆ ಒಂದು ಮುಷ್ಟಿ ಬಂದು ಮುಂದಿನ ಹಲ್ಲು ಮುರಿಯಿತು. ಒಬ್ಬ ಡ್ರಿಪ್ ಹಾಕುವ ಕಬ್ಬಿಣದ ಸ್ಟ್ಯಾಂಡು ಎತ್ತಿ ಬೆನ್ನಿಗೆ ಬಡಿದ, ಬಡಿಯುತ್ತಲೇ ಇದ್ದ. ಮಾರಯ್ಯ ತಲೆಗೆ ಅಡ್ಡ ಹಿಡಿದ ಎಡಗೈಯ ಎರಡು ಬೆರಳು ಲಟಕ್ಕೆಂದವು.

ಜಾತಿ ಕೇಳುತ್ತಿದ್ದಾರೆ ಎಂಬ ಮಾತು ಹೊರಗಿನ ಹುಡುಗರಿಗೆ ಹೋಗುವಷ್ಟರಲ್ಲಿ ಹುಡುಗ ಸತ್ತಿದ್ದಾನೆ, ಮುಚ್ಚಿಡುತ್ತಿದ್ದಾರೆ ಎಂದಾಯಿತು. ಕಲ್ಲು ಬಂತು. ಮುಂದಿನ ಗಾಜೆಲ್ಲ ಒಂದೇ ಸಲ ಕೆಳಗಿಳಿಯಿತು. ಔಷಧಿ ಅಂಗಡಿಯ ಕಪಾಟು ಕವುಚಿ ಹಾಕಿದರು. ವಾರ್ಡಿನಲ್ಲಿ ಬಾಣಂತಿಯೊಬ್ಬಳು ಕೂಸನ್ನು ಅವಚಿಕೊಂಡು ಮಂಚದ ಕೆಳಗೆ ಸೇರಿಕೊಂಡಳು. ಡಾಕ್ಟರ್ ವಸಿಷ್ಠ ತಮ್ಮ ಕೋಣೆಗೆ ಚಿಲಕ ಹಾಕಿಕೊಂಡು ಪೊಲೀಸರಿಗೆ ಫೋನು ಮಾಡುತ್ತಿದ್ದರು. ಯಾರೋ ಮೆಟ್ಟಿಲ ಕೆಳಗಿದ್ದ ಮೀಟರು ಬೋರ್ಡಿಗೆ ಮಚ್ಚು ಹಾಕಿದರು. ಕರೆಂಟು ಹೋಯಿತು. ಥಿಯೇಟರಿನ ಉಸಿರಿನ ಮಷೀನಿಗೊಂದು ಬ್ಯಾಟರಿ ಇತ್ತು. ಅದು ಸತ್ತು ಆರು ತಿಂಗಳಾಗಿತ್ತು, ಹೊಸದು ತರಿಸುತ್ತ ಇದ್ದರು.

ಮಷೀನಿನ ಸದ್ದು ನಿಂತದ್ದು ಮಾರಯ್ಯನಿಗೆ ನೆಲದ ಮೇಲಿಂದಲೇ ಗೊತ್ತಾಯಿತು. ಒಳಗೆ ಡಾಕ್ಟರು ಆಂಬು ಹಿಡಿದಿರಬೇಕು. ಅವನು ತೆವಳಿಕೊಂಡು ಹೋಗಿ ಥಿಯೇಟರಿನ ಬಾಗಿಲಿಗೆ ಅಡ್ಡ ಮಲಗಿದ.

"ಎತ್ರಲೇ ಭಾವನ್ನ, ಗಾಡೀಲಿ ಹಾಕ್ಕಂಡು ದೊಡ್ಡಾಸ್ಪತ್ರೆಗೆ ಓಗಣ" ಎಂದ ಮುನಿರತ್ನ.

"ಟ್ಯೂಬ್ ಅಲ್ಲಾಡಿದ್ರೆ ಐದು ನಿಮಿಷಕ್ಕೆ ಹೋಗ್ತಾನೆ," ಎಂದ ಮಾರಯ್ಯ. ಬಾಯಲ್ಲಿ ರಕ್ತ ತುಂಬಿ ಮಾತು ಸರಿಯಾಗಿ ಹೊರಡಲಿಲ್ಲ. "ಹೆಬ್ಬಾಳ ಫ್ಲೈಓವರ್ ದಾಟೋದ್ರೊಳಗೆ ಹೆಣ ಆಗಿರ್ತಾನೆ. ನನ್ನ ತುಳೀರಿ ಬೇಕಾದ್ರೆ."

ತುಳಿದರು. ಪಕ್ಕೆಯ ಮೇಲೆ ಕಾಲಿಟ್ಟು ಒಳಗೆ ಹೋದರು. ಕಿಟಕಿಯ ಬೆಳಕಿನಲ್ಲಿ ಹರಿಪ್ರಿಯಾ ಹುಡುಗನ ತಲೆಯ ಹತ್ತಿರ ನಿಂತು ಚೀಲ ಒತ್ತುತ್ತಿದ್ದರು, ಬೈಯುತ್ತಿದ್ದರು, ಒತ್ತುವುದು ಮಾತ್ರ ನಿಲ್ಲಿಸಿರಲಿಲ್ಲ. ಮುನಿರತ್ನನ ದೊಡ್ಡಪ್ಪ ಹುಡುಗನ ಕಾಲು ಹಿಡಿದ, ಇನ್ನೊಬ್ಬ ಹೆಗಲಿಗೆ ಕೈ ಹಾಕಿದ. ಆಗಷ್ಟೇ ಹೊಲಿದ ಹೊಟ್ಟೆಯ ಪಟ್ಟಿಯಲ್ಲಿ ಕೆಂಪು ಹರಡಿತು.

"ಶೆಟ್ಟರು" ಎಂದಳು ಮಹತಿ.

ಅವಳು ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. "ಇವ್ರು ನಮ್ಮ ಜನ ಅಲ್ಲ. ವೈಶ್ಯ ಶೆಟ್ಟರು, ದೊಡ್ಡಬಳ್ಳಾಪುರದೋರು. ಅಣ್ಣ ನಿಮಗೆಲ್ಲ ಸುಳ್ಳು ಹೇಳಿದಾನೆ. ಈಗ ಮುಟ್ಟಬೇಡಿ ಅವರನ್ನ."

ಮುನಿರತ್ನ ತಿರುಗಿದವನೇ ಅವಳ ಕೆನ್ನೆಗೆ ಹೊಡೆದ. ಅವಳು ಆಕ್ಸಿಜನ್ ಸಿಲಿಂಡರಿಗೆ ತಾಗಿ ಕುಸಿದಳು, ತುಟಿ ಒಡೆಯಿತು. ಕೂತಲ್ಲಿಂದಲೇ ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ ಹೇಳಿದಳು. ದೊಡ್ಡಪ್ಪ ಹುಡುಗನ ಕಾಲು ಬಿಟ್ಟ. ಕೈಯನ್ನು ಪಂಚೆಗೆ ಒರೆಸಿಕೊಂಡ.

"ನಮ್ಮೋನು ಅಂದಿದ್ದೆಲ್ಲೋ, ಮುನಿಯಾ?"

ಇಷ್ಟೇ ಕೇಳಿದ್ದು. ತಿರುಗಿ ಹೊರಟ. ಹಿಂದಿನವರು ಒಬ್ಬೊಬ್ಬರೇ ಕೈಯಲ್ಲಿದ್ದದ್ದನ್ನು ಬಿಸಾಕಿ ಗಾಡಿ ಹತ್ತಿದರು. ಪಶ್ಚಾತ್ತಾಪವಾಯಿತು ಎಂದು ಯಾರಾದರೂ ತಿಳಿದರೆ ಅಂಥವರಿಗೆ ಈ ಲೋಕ ಗೊತ್ತಿಲ್ಲ. ನಮ್ಮವನಿಗಾದರೆ ಆಸ್ಪತ್ರೆ ಒಡೆದು ಜೈಲಿಗೆ ಹೋಗಬಹುದು, ಶೆಟ್ಟರ ಹುಡುಗನಿಗೆ ಯಾಕೆ ಕೇಸು ಮೈಮೇಲೆ ಹಾಕಿಕೊಳ್ಳಬೇಕು, ಅಷ್ಟೇ ಲೆಕ್ಕ. ಯಾವ ಜಾತಿ ಅವನ ಉಸಿರು ಕಟ್ಟಿಸಿತ್ತೋ ಅದೇ ಜಾತಿಯ ಹೆಸರು ಆ ಹೊತ್ತು ಅವನನ್ನು ಉಳಿಸಿತು. ಮುನಿರತ್ನ ಒಬ್ಬನೇ ಸ್ವಲ್ಪ ಹೊತ್ತು ನಿಂತಿದ್ದು, ಪೊಲೀಸರ ಜೀಪಿನ ಸದ್ದು ಕೇಳಿ ಹಿಂಬಾಗಿಲಿನಿಂದ ಓಡಿದ.

"ಸ್ಕೋಲಿನ್ನೇ" ಎಂದರು ಹರಿಪ್ರಿಯಾ. "ಕಾಯೋಣ. ಕೊಡ್ತಾ ಇದ್ರೆ ಬದುಕ್ತಾನೆ."

ಆಗ ಮೂರೂ ಕಾಲು ಗಂಟೆ. ಮಾರಯ್ಯ ಎಡಗೈಯನ್ನು ಬಟ್ಟೆಯಲ್ಲಿ ಬಿಗಿದುಕೊಂಡು, ಚೀಲವನ್ನು ತೊಡೆಗೆ ಒತ್ತಿ ಹಿಡಿದು ಬಲಗೈಯಲ್ಲಿ ಒತ್ತಿದ. ಒತ್ತು, ಮೂರು ಎಣಿಸು, ಬಿಡು. ಹತ್ತು ನಿಮಿಷ ಅವನು, ಹತ್ತು ನಿಮಿಷ ಡಾಕ್ಟರು. ಮುರಿದ ಪಕ್ಕೆ ಪ್ರತಿ ಸಲಕ್ಕೂ ಚುಚ್ಚುತ್ತಿತ್ತು. ಅವನಿಗೆ ಭಯವಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಚಪ್ಪರದ ಕೆಳಗೆ ತನಗೆ ಬಿದ್ದ ಏಟನ್ನು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡು, ಕೊನೆಗೆ ಏನೂ ಅರಿಯದ ಈ ಹುಡುಗನಿಗೆ ದಾಟಿಸಿದೆನಲ್ಲ ಎಂದುಕೊಂಡ. ಗೆರೆ ಎಳೆದ ಕೈ ಇದೇ ಬಲಗೈ. ಅದು ಸೋತು ಜೋಮು ಹಿಡಿದಾಗಲೆಲ್ಲ, ಬಿಟ್ಟರೆ ಇವನು ಸಾಯುತ್ತಾನೆ ಎಂದು ಹಲ್ಲು ಮುರಿದ ವಸಡು ಕಚ್ಚಿಕೊಂಡು ಒತ್ತಿದ. ಮಹತಿ ಗೋಡೆಗೆ ಒರಗಿ ಕೂತು, ಏಳುವ ಎದೆಯನ್ನೇ ನೋಡುತ್ತಿದ್ದಳು.

ಆರೂಕಾಲಿಗೆ ಮಾರಯ್ಯನ ಸರದಿಯಲ್ಲಿ ಚೀಲ ಕೈಗೆ ಎದುರು ಒತ್ತಿತು. ಅವನು ತಡೆದ. ಹುಡುಗನ ಹೊಟ್ಟೆ ತಾನಾಗಿ ಒಂದು ಸಲ, ಬಿಕ್ಕಿದಂತೆ, ಮೇಲೆದ್ದಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ. ಮಾರಯ್ಯ ಅಲ್ಲೇ ನೆಲಕ್ಕೆ ಕೂತು ಗಟ್ಟಿಯಾಗಿ ಅತ್ತ.

ಹರಿಪ್ರಿಯಾ ಅವನನ್ನು ಕ್ಷಮಿಸಲಿಲ್ಲ, ಅಷ್ಟು ಸುಲಭವಾಗಿ ಕ್ಷಮಿಸುವ ವಿಷಯವೂ ಅಲ್ಲ. ಕೈಗೆ ಪ್ಲಾಸ್ಟರು ಹಾಕಿಸಿದ್ದು ಅವರೇ, ಹಾಕಿಸುವಾಗ ಬೈದದ್ದೂ ಅವರೇ. "ನಿಮ್ಮ ನೋವು ನಂಗೆ ಅರ್ಥ ಆಗುತ್ತೆ. ನಿಮ್ಮ ಸುಳ್ಳು ಅರ್ಥ ಆಗಲ್ಲ. ಕೇಳಕ್ಕಾಗಲ್ಲ ಅಂದಿದ್ರೆ ನಾನೇ ಕೇಳ್ತಿದ್ದೆ." ವಸಿಷ್ಠರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ರಾಜಿ ಮಾಡಿಕೊಳ್ಳೋಣ ಮಾರಣ್ಣ ಎಂದರು. ಮಾರಯ್ಯ ಒಪ್ಪಲಿಲ್ಲ. ಠಾಣೆಗೆ ಹೋಗಿ ದೂರು ಬರೆಸಿದ, ಅದರಲ್ಲಿ ತನ್ನ ಸುಳ್ಳನ್ನೂ ಬರೆಸಿದ. ಕೇಸು ನಡೆಯುತ್ತಿದೆ.

ಮಹತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದಳು, ಮಗುವಿಗೂ ಹೀಗಾಗುತ್ತದೆಯೇ ಎಂದು. ಹರಿಪ್ರಿಯಾ ಇಲ್ಲ ಎಂದರು. "ಅಪ್ಪನಿಂದ ಒಂದು ಕೆಟ್ಟದ್ದು ಬರುತ್ತೆ, ನಿಮ್ಮಿಂದ ಒಂದು ಒಳ್ಳೇದು ಬರುತ್ತೆ. ಒಂದು ಒಳ್ಳೇದಿದ್ರೆ ಸಾಕು. ನೀವು ಬೇರೆ ಕಡೆಯೋರಾಗಿದ್ದೇ ಮಗೂಗೆ ಒಳ್ಳೇದಾಯ್ತು." ಅಣ್ಣ ಯಾವುದನ್ನು ಮುಚ್ಚಿಡಲು ಜೀವ ತೆಗೆಯಹೊರಟಿದ್ದನೋ ಅದೇ ಅವನ ತಂಗಿಯ ಮಗುವಿನ ಉಸಿರು ಕಾಯುವುದಿತ್ತು.

ಮೂರನೆಯ ದಿನ ಚಿರಂತನ್ ಮಾರಯ್ಯನನ್ನು ಕರೆಸಿದ. ಟ್ಯೂಬಿನಿಂದ ಗಂಟಲು ಕಟ್ಟಿತ್ತು. "ಎಚ್ಚರ ಇತ್ತು ಅಣ್ಣಾ ನಂಗೆ. ನಾನು ಕೇಳ್ಲಿಲ್ಲ ಅಂತ ನೀವು ಹೇಳಿದ್ದು ಕೇಳಿಸ್ತು. ಯಾಕೆ ಕೇಳ್ಲಿಲ್ಲ?"

ಮಾರಯ್ಯ ಮದುವೆ ಊಟದ ಕತೆ ಹೇಳಿದ. ಹೆಂಡತಿಯನ್ನು ಬಿಟ್ಟು ಬೇರೊಬ್ಬರಿಗೆ ಹೇಳಿದ್ದು ಅದೇ ಮೊದಲು. ತನ್ನ ಕಾಲೊನಿಯ ಹೆಸರನ್ನೂ ಹೇಳಿದ. ಹುಡುಗ ಅವನ ಕಡೆ ತಲೆ ತಿರುಗಿಸಿದ. "ನೀವು ಕೇಳಿದ್ರೂ ನಾನು ನಿಜ ಹೇಳ್ತಿದ್ನೋ ಇಲ್ವೋ," ಎಂದ. "ಭಾವನ ನೆಂಟರ ಎದುರಿಗೆ ಎರಡು ವರ್ಷದಿಂದ ಮಂಡ್ಯದೋನಾಗೇ ಇದೀನಿ."

ಆ ಮಾತು ಮಾರಯ್ಯನ ತಲೆಯಲ್ಲಿ ಉಳಿಯಿತು. ಕೇಳಿದರೆ ಸಾಲದು, ಎದುರಿನವರು ನಿಜ ಹೇಳುವಂತೆ ಕೇಳಬೇಕು. ಅದಕ್ಕೆ ಅವನು ತನ್ನದೇ ಒಂದು ದಾರಿ ಮಾಡಿಕೊಂಡ. ಆರು ವಾರದ ಮೇಲೆ, ಎಡಗೈ ಇನ್ನೂ ಪೂರ್ತಿ ಮಡಚದಿದ್ದಾಗ, ಮತ್ತೆ ಕೆಲಸಕ್ಕೆ ಬಂದ. ಮೊದಲ ರೋಗಿ ಪಂಕಜಾ ಎಂಬ ವಯಸ್ಸಾದ ಹೆಂಗಸು, ಕರುಳು ಸಿಕ್ಕಿಕೊಂಡ ನೋವಿನಲ್ಲಿ ಅವಸರವಾಗಿ ಕರೆತಂದಿದ್ದರು. ಮಾರಯ್ಯ ಬಿ.ಪಿ. ನೋಡಲು ಅವಳ ತೋಳಿಗೆ ಪಟ್ಟಿ ಸುತ್ತುತ್ತ ಊಟ ಕೇಳಿದ, ಕಾಯಿಲೆ ಕೇಳಿದ, ಹಿಂದಿನ ಆಪರೇಷನ್ ಕೇಳಿದ.

"ಅಮ್ಮಾ, ನಾನು ಎ.ಕೆ. ಕಾಲೊನಿ ಮಾರಯ್ಯ," ಎಂದ ಆಮೇಲೆ. "ನಂದು ಮೊದ್ಲು ಹೇಳಿದೀನಿ. ಈಗ ನಿಮ್ದು ಹೇಳಿ, ಮತ್ತಿನ ಔಷಧಿಗೆ ಗೊತ್ತಾಗ್ಬೇಕು."

ಆ ನೋವಿನಲ್ಲೂ ಅವಳ ತೋಳು ಅವನ ಕೈಯಿಂದ ಹಿಂದಕ್ಕೆ ಸರಿಯಿತು. ಪಟ್ಟಿ ಬಿಚ್ಚಿಕೊಂಡು ಮಂಚದಿಂದ ಕೆಳಗೆ ಜೋತುಬಿತ್ತು.

"ಕೈ ಎಳ್ಕೊಳ್ಳಿ ಅಮ್ಮಾ, ಪರ್ವಾಗಿಲ್ಲ," ಎಂದ ಮಾರಯ್ಯ. "ಉತ್ತರ ಮಾತ್ರ ಹೇಳಿ."

ಅವಳು ಸಣ್ಣ ದನಿಯಲ್ಲಿ ಹೇಳಿದಳು. ಅವನು ಅದನ್ನು ಕಾಗದದ ಮೇಲೆ ಬರೆದುಕೊಂಡ, ಆಮೇಲೆ ಅವಳ ತೋಳನ್ನು ಹಿಡಿದು ಪಟ್ಟಿಯನ್ನು ಮತ್ತೆ ಕಟ್ಟಿದ.